ಹಗಲಿಗೆ ಬಂದ ಪ್ರಾಣಿ: ಯುವ ಬರಹಗಾರರಿಗೊಂದು ಪತ್ರ

ಪ್ರಿಯ ಗೆಳೆಯರೇ,

2025ರ ಟಿವಿ ಸರಣಿ ‘ಏಲಿಯನ್: ಅರ್ಥ್’ನಲ್ಲಿ ಬರುವ ಅನ್ಯಗ್ರಹದ ಪ್ರಾಣಿಯ ರೂಪ ಮತ್ತು ಕಥೆಯ ಧಾಟಿಯನ್ನು ಕುರಿತು ಅಭಿಮಾನಿಗಳ ನಡುವೆ ನಡೆದ ವಾಗ್ವಾದದ ಬಗ್ಗೆ ನೀವು ಬರೆದ ಲೇಖನದ ಕರಡನ್ನು ನಿಧಾನವಾಗಿ ಓದಿದೆ. ಎಂಟೂ ಕಂತುಗಳನ್ನು ನೀವು ಅಕ್ಕರೆಯಿಂದ ನೋಡಿದ್ದೀರಿ ಎಂಬುದು ಪ್ರತಿ ಪುಟದಲ್ಲೂ ಕಾಣುತ್ತದೆ. ಆದರೂ ಲೇಖನ ಮುಗಿಯುವ ಹೊತ್ತಿಗೆ, ಕೆಲವರಿಗೆ ಪ್ರಾಣಿ ಹಿಡಿಸಿತು, ಹಲವರಿಗೆ ಹಿಡಿಸಲಿಲ್ಲ ಎಂಬುದಕ್ಕಿಂತ ಹೆಚ್ಚಿನದು ನನಗೆ ದಕ್ಕಲಿಲ್ಲ. ಅಭಿಪ್ರಾಯಗಳನ್ನು ನೀವು ಶ್ರದ್ಧೆಯಿಂದ ಕೂಡಿಹಾಕಿದ್ದೀರಿ. ಆ ಅಭಿಪ್ರಾಯಗಳು ಯಾವ ದೃಶ್ಯಗಳಿಂದ ಹುಟ್ಟಿದವೋ ಅವುಗಳ ಕಡೆಗೆ ಮರಳಿ ಹೋಗಿಲ್ಲ.

ಅಭಿಮಾನಿಯ ದೂರನ್ನು ತೀರ್ಪೆಂದು ಓದಬೇಡಿ, ಸಾಕ್ಷ್ಯವೆಂದು ಓದಿ. ಭಯ ತನ್ನನ್ನು ಯಾವ ಗಳಿಗೆಯಲ್ಲಿ ಬಿಟ್ಟುಹೋಯಿತು ಎಂಬುದನ್ನು ನೋಡುಗರು ಬಹುಮಟ್ಟಿಗೆ ಸರಿಯಾಗಿಯೇ ಗುರುತಿಸುತ್ತಾರೆ. ಯಾಕೆ ಬಿಟ್ಟುಹೋಯಿತು ಎಂದು ಕೇಳಿದರೆ ಮಾತ್ರ ಅವರ ಬೆರಳು ಆ ಕ್ಷಣದಲ್ಲಿ ತೆರೆಯ ಮೇಲೆ ಎದ್ದು ಕಾಣುತ್ತಿದ್ದ ವಸ್ತುವಿನತ್ತ ಹೋಗುತ್ತದೆ. ಈ ಸರಣಿಯಲ್ಲಿ ಹಾಗೆ ಎದ್ದು ಕಂಡದ್ದು ಆ ಪ್ರಾಣಿಯ, ಅಂದರೆ ಝೆನೋಮಾರ್ಫ್‌ನ ಮೈ. ಆದ್ದರಿಂದ ‘ಸೂಟ್ (ಪ್ರಾಣಿಯ ವೇಷದ ಉಡುಪು) ತೊಟ್ಟ ಮನುಷ್ಯನಂತಿದೆ’, ‘ಹಗಲು ಬೆಳಕಿನಲ್ಲಿ ಅತಿಯಾಗಿ ತೋರಿಸಿದರು’ ಎಂಬ ಮಾತುಗಳು ಎಲ್ಲ ಕಡೆ ಕೇಳಿಬಂದವು, ಮತ್ತು ನೀವು ಅವನ್ನು ಪ್ರಾಣಿಯ ವಿನ್ಯಾಸ ಕೆಟ್ಟಿದೆ ಎಂಬುದಕ್ಕೆ ಪುರಾವೆಯಾಗಿ ಇಟ್ಟುಬಿಟ್ಟಿರಿ.

ಆ ಪುರಾವೆಯನ್ನು ಪರೀಕ್ಷಿಸಲು 1979ರ ಮೂಲ ಚಿತ್ರ ‘ಏಲಿಯನ್’ಗೆ ಹೋಗಬೇಕು. ಅಲ್ಲಿಯೂ ಪ್ರಾಣಿ ಸೂಟ್ ತೊಟ್ಟ ಮನುಷ್ಯನೇ ಆಗಿತ್ತು. ಸ್ವಿಟ್ಜರ್ಲೆಂಡಿನ ಕಲಾವಿದ ಎಚ್. ಆರ್. ಗೀಗರ್ 1976ರಲ್ಲಿ ಬರೆದ ಒಂದು ವರ್ಣಚಿತ್ರದಿಂದ ಅದರ ಆಕಾರ ಹುಟ್ಟಿತು. ಲಂಡನ್ನಿನಲ್ಲಿ ಓದುತ್ತಿದ್ದ, 6 ಅಡಿ 10 ಅಂಗುಲ ಎತ್ತರದ ನೈಜೀರಿಯಾದ ಯುವಕ ಬೋಲಾಜಿ ಬಡೇಜೊ ಅದರೊಳಗೆ ನಿಂತರು. ಗೀಗರ್ ಆ ತಲೆಗೆ ಕಣ್ಣುಗಳನ್ನೇ ಇಡಲಿಲ್ಲ. ಎದುರಿಗೆ ನಿಂತ ಜೀವಿ ಎತ್ತ ನೋಡುತ್ತಿದೆ, ತನ್ನನ್ನು ಗಮನಿಸಿದೆಯೋ ಇಲ್ಲವೋ ಎಂಬುದು ಮನುಷ್ಯನಿಗೆ ತಿಳಿಯಬಾರದೆಂಬುದು ಅದರ ಹಿಂದಿನ ಯೋಚನೆ. ಇದನ್ನು ನೀವು ಒಂದೇ ಸಾಲಿನಲ್ಲಿ ದಾಟಿಹೋಗಿದ್ದೀರಿ. ನನಗನ್ನಿಸುವಂತೆ ಇಡೀ ಲೇಖನಕ್ಕೆ ಬಾಗಿಲಿರುವುದು ಇಲ್ಲಿಯೇ. ಕಣ್ಣಿಲ್ಲದಿರುವುದು ಬರಿಯ ಆಕಾರದ ಸಂಗತಿಯಲ್ಲ, ನೋಡುಗರಿಗೆ ಏನು ತಿಳಿದಿರಬೇಕು, ಏನು ತಿಳಿಯಬಾರದು ಎಂಬುದರ ಏರ್ಪಾಡು. ಪ್ರಾಣಿಯ ವಿನ್ಯಾಸ ಎಂದಾಗ ನಾವು ಚರ್ಮ, ಹಲ್ಲು, ಬಾಲಗಳನ್ನು ನೆನೆಯುತ್ತೇವೆ. ಅದಕ್ಕೆ ಏನು ಬೇಕು, ಅದು ಯಾರ ಮಾತಿಗೆ ಓಗೊಡುತ್ತದೆ, ಅದರ ಬಗ್ಗೆ ನಮಗೆಷ್ಟು ಗೊತ್ತು ಎಂಬುದೆಲ್ಲವೂ ಅದೇ ವಿನ್ಯಾಸದ ಭಾಗ.

ನಿರ್ದೇಶಕ ರಿಡ್ಲಿ ಸ್ಕಾಟ್ ಅವರಿಗೂ ಪೂರ್ತಿ ತೋರಿಸಿದರೆ ಸೂಟ್ ಸೂಟಿನಂತೆಯೇ ಕಂಡೀತೆಂಬ ಅಳುಕಿತ್ತು. ಹಾಗಾಗಿ ಅವರು ಒಂದು ಕೈ, ಜೊಲ್ಲು ಸುರಿಯುವ ದವಡೆ, ಬಾಗಿದ ತಲೆಯ ಹೊಳಪು ಹೀಗೆ ತುಂಡು ತುಂಡಾಗಿ ತೋರಿಸಿದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ನೀವೂ ಹೇಳಿದ್ದೀರಿ. ಆದರೆ ಅದೇ ಚಿತ್ರದ ಕೊನೆಯನ್ನು ನೆನಪಿಸಿಕೊಳ್ಳಿ. ಕಥಾನಾಯಕಿ ರಿಪ್ಲಿ ಸಣ್ಣ ನೌಕೆಯ ಬಾಗಿಲು ತೆರೆದು ಪ್ರಾಣಿಯನ್ನು ಹೊರಕ್ಕೆ ಚಿಮ್ಮಿಸಿದಾಗ ಅದರ ಇಡೀ ಮೈ, ಎರಡು ಕೈ, ಎರಡು ಕಾಲು ಸಮೇತ, ಮನುಷ್ಯಾಕೃತಿಯಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಸೂಟ್ ಕಂಡಿತೆಂದು ಆ ಚಿತ್ರವನ್ನು ತಳ್ಳಿಹಾಕುವವರನ್ನು ನಾನು ಕಂಡಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಅದೇ ಪ್ರಾಣಿ ಕೊಳವೆಗಳ ನಡುವೆ ಮುದುಡಿ ಮಲಗಿತ್ತು. ಯಾಕೆ ಮಲಗಿತ್ತು, ದಣಿದಿತ್ತೋ, ಕಾಯುತ್ತಿತ್ತೋ, ಸಾಯುತ್ತಿತ್ತೋ ನಮಗೆ ಗೊತ್ತಾಗುವುದಿಲ್ಲ. ಆ ಗೊತ್ತಿಲ್ಲದಿರುವಿಕೆ ಬೆಳಕಿನಲ್ಲಿಯೂ ಉಳಿಯಿತು. ಆದ್ದರಿಂದ ಬೆಳಕು, ಸೂಟ್ ಎಂಬ ಎರಡೇ ಕಾರಣಗಳಿಂದ 2025ರ ಸರಣಿಯ ಸಮಸ್ಯೆಯನ್ನು ವಿವರಿಸಲಾಗದು. ನ್ಯೂಜಿಲೆಂಡಿನ ವೇಟಾ ವರ್ಕ್‌ಶಾಪ್ ಮಾಡಿದ ಸೂಟನ್ನೂ ಅದರೊಳಗಿದ್ದ ಸಾಹಸ ಕಲಾವಿದ ಕ್ಯಾಮರನ್ ಬ್ರೌನ್ ಅವರ ಶ್ರಮವನ್ನೂ ದೂರುವ ಮೊದಲು ಇದನ್ನು ಯೋಚಿಸುವುದು ನ್ಯಾಯ.

ಪೂರ್ವಕಥೆಯ ಕಷ್ಟವೇ ಬೇರೆ ಬಗೆಯದು. ಮೂಲ ಚಿತ್ರದ ಕಥೆ ನಡೆಯುವುದು 2122ರಲ್ಲಿ. ಈ ಸರಣಿಯ ಸೃಷ್ಟಿಕರ್ತ ನೋವಾ ಹಾಲಿ ತಮ್ಮ ಕಥೆಯನ್ನು ಅದಕ್ಕೆ ಎರಡೇ ವರ್ಷ ಹಿಂದೆ, 2120ರಲ್ಲಿ ಇಟ್ಟರು. ಆ ಕಾಲದ ಪಾತ್ರಗಳಿಗೆ ಪ್ರಾಣಿ ಹೊಸದು, ನೋಡುಗರಿಗೆ ಅದು ನಾಲ್ಕು ದಶಕಗಳ ಪರಿಚಯ. ಮೊಟ್ಟೆ, ಮುಖಕ್ಕೆ ಅಂಟುವ ಮರಿ, ಎದೆ ಸೀಳಿ ಬರುವ ಹಾವಿನಂಥ ಜೀವಿ, ಆಮ್ಲದ ರಕ್ತ ಎಲ್ಲವೂ ಅವರಿಗೆ ಬಾಯಿಪಾಠ. 1986ರ ಎರಡನೆಯ ಚಿತ್ರ ಅದನ್ನು ರಾಣಿಯೊಂದರ ಸುತ್ತ ಬದುಕುವ ಹಿಂಡಾಗಿಸಿತು. 2012 ಮತ್ತು 2017ರ ಪೂರ್ವಕಥೆಯ ಚಿತ್ರಗಳು ಅದರ ಹುಟ್ಟಿನ ಗುಟ್ಟನ್ನು ಬಿಚ್ಚಹೊರಟವು, ಕೊನೆಗೆ ಡೇವಿಡ್ ಎಂಬ ಕೃತಕ ಮನುಷ್ಯನ ಪ್ರಯೋಗಗಳ ಫಲವೆಂಬ ಸೂಚನೆಯನ್ನೂ ಕೊಟ್ಟವು. ಯಾರೋ ತಯಾರಿಸಿದ ಪ್ರಾಣಿ ಎಂದು ತಿಳಿದ ಮೇಲೆ ಅದರ ಗಾಂಭೀರ್ಯ ಕುಗ್ಗಿತೆಂದು ಬಹಳ ಅಭಿಮಾನಿಗಳು ನೊಂದುಕೊಂಡರು. ನೋವಾ ಹಾಲಿ ಆ ಹುಟ್ಟಿನ ಕಥೆ ತಮಗೆ ಉಪಯೋಗಕ್ಕೆ ಬಾರದೆಂದು ಬಹಿರಂಗವಾಗಿಯೇ ಹೇಳಿ ಪಕ್ಕಕ್ಕಿಟ್ಟಾಗ ಅಭಿಮಾನಿಗಳಲ್ಲಿ ಎದ್ದ ಸಂತೋಷ ಈ ನೋವಿನಿಂದ ಬಂದದ್ದು. ಅಂದರೆ ಮೊದಲ ಕಂತು ಶುರುವಾಗುವ ಮುನ್ನವೇ ಅವರ ಮನಸ್ಸಿನಲ್ಲಿ ಒಂದು ಬೇಡಿಕೆ ಇತ್ತು: ನಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲದಂತೆಯೇ ಇರಗೊಡಿ. ನಿಮ್ಮ ಲೇಖನದಲ್ಲಿ ಈ ಹಿನ್ನೆಲೆ ಇಲ್ಲದಿರುವುದರಿಂದ ಅಭಿಮಾನಿಗಳು ಸುಮ್ಮಸುಮ್ಮನೆ ಸಿಟ್ಟಾದವರಂತೆ ಕಾಣುತ್ತಾರೆ.

ಈಗ ಸರಣಿಯ ನಾಯಕಿ ವೆಂಡಿಯ ವಿಚಾರಕ್ಕೆ ಬನ್ನಿ. ಸಾವಿನಂಚಿನಲ್ಲಿದ್ದ ಹುಡುಗಿಯೊಬ್ಬಳ ಪ್ರಜ್ಞೆಯನ್ನು ಪ್ರಾಡಿಜಿ ಎಂಬ ಕಂಪನಿ ವಯಸ್ಕ ಹೆಣ್ಣಿನ ಕೃತಕ ದೇಹಕ್ಕೆ ವರ್ಗಾಯಿಸಿದೆ. ಸಿಡ್ನಿ ಚಾಂಡ್ಲರ್ ಅಭಿನಯಿಸಿದ ಈ ವೆಂಡಿಗೆ ಝೆನೋಮಾರ್ಫ್‌ಗಳ ದನಿ ಕೇಳಿಸುತ್ತದೆ. ನಾಲ್ಕನೆಯ ಕಂತಿನ ಕೊನೆಗೆ ಅವಳು ಆಗತಾನೆ ಹುಟ್ಟಿದ ಮರಿಯನ್ನು ಸವರುತ್ತಾಳೆ. ಏಳನೆಯ ಕಂತಿನ ಹೊತ್ತಿಗೆ ಬೆಳೆದ ಪ್ರಾಣಿ ಹಸಿರು ಕಾಡಿನಲ್ಲಿ, ಹಾಡಹಗಲಿನಲ್ಲಿ, ಅವಳ ಪರವಾಗಿ ಸೈನಿಕರನ್ನು ಕೊಲ್ಲುತ್ತದೆ. ಸೂಟಿನ ಬಗೆಗಿನ ದೂರು ಅತ್ಯಂತ ಜೋರಾದದ್ದು ಈ ಕಾಡಿನ ದೃಶ್ಯದ ನಂತರ ಎಂಬುದನ್ನು ಗಮನಿಸಿ. ಮೊದಲೆರಡು ಕಂತುಗಳಲ್ಲಿ, ಹಳೆಯ ಫ್ರೆಂಚ್ ಶ್ರೀಮಂತರ ವೇಷ ತೊಟ್ಟು ಔತಣದಲ್ಲಿ ಮೈಮರೆತಿದ್ದವರ ನಡುವೆ ನುಗ್ಗಿದ ಪ್ರಾಣಿಯೂ ಇದೇ ಬಗೆಯ ಸೂಟಿನಲ್ಲಿದ್ದದ್ದು. ಆಗ ದೂರು ಇಷ್ಟಿರಲಿಲ್ಲ. ಎರಡರ ನಡುವೆ ಬದಲಾದದ್ದು ಬೆಳಕಿನ ಜೊತೆಗೆ ಇನ್ನೊಂದು: ಪ್ರಾಣಿ ಯಾರ ಪಕ್ಷದಲ್ಲಿದೆ ಎಂದು ಈಗ ನಮಗೆ ಗೊತ್ತು. ಅದು ವೆಂಡಿಯನ್ನು ಮುಟ್ಟುವುದಿಲ್ಲ, ಅವಳು ಕೈ ತೋರಿಸಿದವರನ್ನು ಬಿಡುವುದಿಲ್ಲ. ಇಷ್ಟು ತಿಳಿದ ಮೇಲೆ ಕಣ್ಣಿಗೆ ಬಿಡುವು ಸಿಗುತ್ತದೆ. ಬಿಡುವು ಸಿಕ್ಕ ಕಣ್ಣು ಮೊಣಕಾಲಿನ ಮಡಿಕೆಯನ್ನೂ ರಬ್ಬರಿನ ಸುಕ್ಕನ್ನೂ ಹುಡುಕತೊಡಗುತ್ತದೆ. ನೋಡುಗ ಸೂಟನ್ನು ಕಂಡದ್ದರಿಂದ ಭಯ ಹೋಗಲಿಲ್ಲ, ಭಯ ಹೋದದ್ದರಿಂದ ಸೂಟ್ ಕಂಡಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. ನೀವು ಇದನ್ನು ಒಪ್ಪಬೇಕಾಗಿಲ್ಲ. ಒಪ್ಪದಿದ್ದರೆ ಆ ಎರಡು ದೃಶ್ಯಗಳನ್ನು ಮುಂದಿಟ್ಟುಕೊಂಡೇ ನನ್ನನ್ನು ಅಲ್ಲಗಳೆಯಿರಿ.

ಇಷ್ಟು ಹೇಳಿ ಹಾಲಿಯವರನ್ನು ತಪ್ಪಿತಸ್ಥರನ್ನಾಗಿ ನಿಲ್ಲಿಸಿದರೂ ಅನ್ಯಾಯವಾಗುತ್ತದೆ. ಮಕ್ಕಳ ಮನಸ್ಸುಗಳನ್ನು ಯಂತ್ರದೊಳಗಿಟ್ಟು ಅವನ್ನು ತನ್ನ ಸ್ವತ್ತೆಂದು ಕರೆಯುವ ಕಂಪನಿಯ ಕಥೆಯಲ್ಲಿ, ಪಂಜರದಲ್ಲಿರುವ ಪ್ರಾಣಿಗೂ ಪಂಜರದಲ್ಲಿರುವ ಮಗುವಿಗೂ ನಂಟು ಬೆಳೆಯುವುದು ಸಹಜ. ಕೊನೆಯ ಕಂತಿನ ಹೆಸರೇ ನಿಜವಾದ ರಾಕ್ಷಸರು ಯಾರು ಎಂದು ಕೇಳುವಂತಿದೆ. ಬಾಯ್ ಕ್ಯಾವಲಿಯರ್ ಎಂಬ, ಆ ಕಂಪನಿಯ ಎಳೆಯ ಒಡೆಯನ ಬಾಯಲ್ಲಿ ಪೀಟರ್ ಪ್ಯಾನ್ ಕಥೆ ಬರುವುದು, ಕಂತುಗಳ ಕೊನೆಗೆ ಬ್ಲ್ಯಾಕ್ ಸಬ್ಬತ್, ಮೆಟಾಲಿಕಾ ತಂಡಗಳ ಅಬ್ಬರದ ಹಾಡು ಮೊಳಗುವುದು ಎಲ್ಲವೂ ಬೇರೊಂದು ಧಾಟಿಯ ಭಾಗಗಳೇ. ಮೂಲ ಚಿತ್ರದ ಮೌನವನ್ನು ಬಯಸಿ ಬಂದವರಿಗೆ ಆ ಹಾಡುಗಳು ಕಿರಿಕಿರಿಯಾದವು, ನನಗೂ ಕೆಲವು ಕಡೆ ಹಾಗೆಯೇ ಆಯಿತು. ಆದರೆ ಅವು ಅಜಾಗರೂಕತೆಯಿಂದ ಬಂದವಲ್ಲ. ಲೇಖಕರು ಏನನ್ನು ಆರಿಸಿಕೊಂಡರು, ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟರು ಎಂಬ ಎರಡನ್ನೂ ಹೇಳಿದಾಗ ಮಾತ್ರ ವಿಮರ್ಶೆ ಪೂರ್ತಿಯಾಗುತ್ತದೆ. ಅವರು ಬಿಟ್ಟುಕೊಟ್ಟದ್ದು ಝೆನೋಮಾರ್ಫ್‌ನ ಅಪರಿಚಿತತೆಯನ್ನು.

ಅದನ್ನು ಅವರು ಬೇರೆಡೆ ಗಳಿಸಿಕೊಂಡರು. ಮ್ಯಾಜಿನೊ ನೌಕೆ ಭೂಮಿಗೆ ಹೊತ್ತುತಂದ ಐದು ಜೀವಜಾತಿಗಳಲ್ಲಿ ಅಭಿಮಾನಿಗಳ ಮನಸ್ಸನ್ನು ಗೆದ್ದದ್ದು ‘ಕಣ್ಣು’ ಎಂದೇ ಹೆಸರಾದ ಜೀವಿ: ಹಲವು ಪಾಪೆಗಳಿರುವ ಒಂದು ಕಣ್ಣುಗುಡ್ಡೆ, ಅದರಿಂದ ಹೊರಟ ಆಕ್ಟೋಪಸ್‌ನಂಥ ಬಳ್ಳಿಗಾಲುಗಳು. ಅದು ಬೇರೊಂದು ಪ್ರಾಣಿಯ ಕಣ್ಣನ್ನು ಕಿತ್ತು ಆ ಕುಳಿಯಲ್ಲಿ ತಾನು ಕೂತು ಇಡೀ ಮೈಯನ್ನು ಆಳುತ್ತದೆ. ಮೊದಲು ಬೆಕ್ಕಿನಲ್ಲಿ, ಆಮೇಲೆ ಕುರಿಯಲ್ಲಿ ಅದನ್ನು ಕಾಣುತ್ತೇವೆ. ಪ್ರಯೋಗಾಲಯದ ಬೆಳ್ಳನೆಯ ಬೆಳಕಿನಲ್ಲಿ, ಗಾಜಿನ ಆಚೆ, ಆ ಕುರಿ ಸುಮ್ಮನೆ ನಿಂತು ಮನುಷ್ಯರನ್ನು ದಿಟ್ಟಿಸುತ್ತದೆ. ಮರೆಮಾಚಿದ್ದು ಏನೂ ಇಲ್ಲ, ಕತ್ತಲೆಯ ನೆರವೂ ಇಲ್ಲ. ಆದರೂ ಝೆನೋಮಾರ್ಫ್‌ ಅತಿಯಾಗಿ ಕಂಡಿತೆಂದು ದೂರಿದ ಅದೇ ಅಭಿಮಾನಿಗಳು ಕುರಿಯನ್ನು ಇನ್ನಷ್ಟು ತೋರಿಸಿ ಎಂದರು. ಅದಕ್ಕೆ ಬುದ್ಧಿ ಇದೆ ಎಂದು ಗೊತ್ತು, ಆ ಬುದ್ಧಿ ಏನನ್ನು ಬಯಸುತ್ತದೆ ಎಂದು ಗೊತ್ತಿಲ್ಲ. ಕಣ್ಣಿಲ್ಲದ ಪ್ರಾಣಿಯಿಂದ ಗೀಗರ್ ಪಡೆದ ಅನಿಶ್ಚಿತತೆಯನ್ನು ಈ ಸರಣಿ ಬರಿಯ ಕಣ್ಣೇ ಆದ ಪ್ರಾಣಿಯಿಂದ ಪಡೆಯಿತು. ನಿಮ್ಮ ಕರಡಿನಲ್ಲಿ ‘ಕುರಿಯೂ ಜನಪ್ರಿಯವಾಯಿತು’ ಎಂಬ ಎರಡೇ ಪದಗಳಿವೆ. ಲೇಖನದ ಜೀವಾಳ ಅಲ್ಲಿ ಅಡಗಿ ಕೂತಿದೆ.

ಐದನೆಯ ಕಂತಿನ ಬಗ್ಗೆಯೂ ಎಚ್ಚರದಿಂದಿರಿ. ಮ್ಯಾಜಿನೊ ಅಪಘಾತಕ್ಕೀಡಾಗುವ ಮುನ್ನಿನ ದಿನಗಳನ್ನು ಹೇಳುವ ಆ ಕಂತನ್ನು ಬಹುತೇಕರು ಮೆಚ್ಚಿದರು; ನೌಕೆಯ ಒಳಾಂಗಣ ಮೂಲ ಚಿತ್ರದ ನಾಸ್ಟ್ರೊಮೊ ನೌಕೆಯನ್ನು ನೆನಪಿಸುವುದರಿಂದ ಅದು ಹಳೆಯ ನೆನಪಿನ ಮೆಚ್ಚುಗೆ ಎಂದು ನೀವು ತೀರ್ಮಾನಿಸಿದ್ದೀರಿ. ಅದರಲ್ಲಿ ಸ್ವಲ್ಪ ನಿಜವಿದೆ. ಆದರೆ ಆ ಕಂತಿನಲ್ಲಿ ಮೈ ಬಿಗಿಯುವಂತೆ ಮಾಡುವ ದೃಶ್ಯ ಝೆನೋಮಾರ್ಫ್‌ನದಲ್ಲ. ಪ್ರಯೋಗಾಲಯದಲ್ಲಿ ಉಣ್ಣಿಯಂಥ, ರಕ್ತ ಹೀರುವ ಹುಳು ತನ್ನ ಡಬ್ಬಿಯಿಂದ ತಪ್ಪಿಸಿಕೊಂಡು ಅಲ್ಲಿದ್ದ ನೀರಿನ ಬಾಟಲಿಯಲ್ಲಿ ಮರಿಗಳನ್ನು ಬಿಡುತ್ತದೆ. ಕೆಲಸದಲ್ಲಿ ಮುಳುಗಿದ ವಿಜ್ಞಾನಿಗೆ ಅದು ತಿಳಿಯುವುದಿಲ್ಲ. ಅದನ್ನು ಕಂಡವರು ಇಬ್ಬರೇ: ನಾವು, ಮತ್ತು ಪಕ್ಕದ ಪಾತ್ರೆಯಲ್ಲಿ ಬಂಧಿಯಾಗಿರುವ ಆ ಕಣ್ಣು. ಅದು ಗಾಜನ್ನು ಬಡಿಯುತ್ತದೆ. ಎಚ್ಚರಿಸಲೆಂದೇ, ಇಲ್ಲವೇ ಗಮನ ಬೇರೆಡೆ ಸೆಳೆಯಲೆಂದೇ ಎಂದು ಅಭಿಮಾನಿಗಳು ವಾರಗಟ್ಟಲೆ ವಾದಿಸಿದರು. ನೋಡುಗರಲ್ಲಿ ಇಂಥ ವಾದ ಹುಟ್ಟಿಸಿದ ಪ್ರಾಣಿಯ ವಿನ್ಯಾಸ ಗೆದ್ದಿದೆ ಎಂದು ಧೈರ್ಯವಾಗಿ ಬರೆಯಿರಿ.

ಬರಹದ ಕ್ರಮದ ಬಗ್ಗೆ ಕೆಲವೇ ಮಾತು. ಅಭಿಮಾನಿಗಳನ್ನು ಹಟಮಾರಿಗಳು, ತಿಳಿದವರು ಎಂದು ವಿಂಗಡಿಸುವ ನಿಮ್ಮ ಎರಡನೆಯ ಭಾಗವನ್ನು ತೆಗೆದುಹಾಕಿ. ಜೋರು ದನಿ ಎಂದರೆ ಹೆಚ್ಚು ಜನ ಎಂದಲ್ಲ, ಅದನ್ನು ಅಳೆಯುವ ಸಾಧನವೂ ನಿಮ್ಮಲ್ಲಿಲ್ಲ. ಸರಣಿ 2025ರ ಆಗಸ್ಟ್ 12ರಿಂದ ಸೆಪ್ಟೆಂಬರ್ ಕೊನೆಯ ವಾರದವರೆಗೆ ವಾರವಾರ ಬಂದದ್ದರಿಂದ ಅಭಿಪ್ರಾಯಗಳೂ ವಾರವಾರ ಬದಲಾದವು. ಯಾವ ಮಾತು ಯಾವ ಕಂತಿನ ನಂತರ ಬಂತು ಎಂಬುದನ್ನು ಹೇಳದೆ ಯಾವ ದೂರನ್ನೂ ಉಲ್ಲೇಖಿಸಬೇಡಿ. ನಿಮ್ಮ ಓದುಗರಲ್ಲಿ ಅನೇಕರು 1979ರ ಚಿತ್ರವನ್ನು ನೋಡಿರಲಾರರು. ಅವರಿಗಾಗಿ ಪ್ರಾಣಿಯನ್ನು ವರ್ಣಿಸುವಾಗ ‘ಭಯಾನಕ’, ‘ಬೀಭತ್ಸ’ ಎಂಬ ವಿಶೇಷಣಗಳ ಬದಲು ಅದು ಏನು ಮಾಡುತ್ತದೆ, ನಾವು ಆಗ ಎಲ್ಲಿ ನಿಂತು ನೋಡುತ್ತಿರುತ್ತೇವೆ ಎಂಬುದನ್ನು ಬರೆಯಿರಿ. ಕೊನೆಯ ಎರಡು ಕಂತುಗಳ ತಿರುವುಗಳನ್ನು ಬಿಚ್ಚುವ ಮೊದಲು ಒಂದು ಸಾಲಿನ ಎಚ್ಚರಿಕೆ ಇರಲಿ.

ಔತಣದ ದೃಶ್ಯ, ಕಾಡಿನ ದೃಶ್ಯ, ಕುರಿಯ ದೃಶ್ಯ, ಈ ಮೂರನ್ನೂ ದನಿ ಪೂರ್ತಿ ಇಳಿಸಿ ಮತ್ತೆ ನೋಡಿ. ಕ್ಯಾಮೆರಾ ಯಾರ ಕಣ್ಣಿನ ಮಟ್ಟದಲ್ಲಿದೆ, ಪ್ರಾಣಿ ಚೌಕಟ್ಟಿನೊಳಗೆ ಬರುವ ಮುಂಚೆ ನಮಗೆ ಏನು ಗೊತ್ತಿತ್ತು ಎಂದು ಗುರುತು ಹಾಕಿಕೊಳ್ಳಿ. ಎರಡನೆಯ ಸೀಸನ್ ಬರಲಿದೆ ಎಂದು ಘೋಷಣೆಯಾಗಿದೆ. ವೆಂಡಿಯ ಮಾತಿಗೆ ಓಗೊಡುವ ಝೆನೋಮಾರ್ಫ್‌ಗೆ ಭಯವನ್ನು ಮರಳಿ ತರಲು ಹಾಲಿಯವರು ಏನು ಮಾಡಬಹುದು ಎಂಬ ಪ್ರಶ್ನೆಗೂ ನಿಮ್ಮ ಲೇಖನದಲ್ಲಿ ಒಂದು ಪ್ಯಾರಾ ಇರಲಿ. ತಿದ್ದಿದ ಕರಡನ್ನು ಕಳುಹಿಸಿ, ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ನಿಮ್ಮ ಹಿರಿಯ ಗೆಳೆಯ