ಸರಾಸರಿ ದರದ ಜೊತೆಗೆ ಸೂತ್ರವನ್ನೂ ತೋರಿಸಲಿ

ಮಾನ್ಯ ಸಂಪಾದಕರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರ ಮಾರುಕಟ್ಟೆಗಳ ಅಡಿಕೆ ದರವನ್ನು ಒಂದೇ ಪರದೆಯಲ್ಲಿ ತೋರಿಸುವ ಡ್ಯಾಶ್‌ಬೋರ್ಡ್‌ಗಳು ಈಗ ಬೆಳೆಗಾರರ ಮೊಬೈಲಿಗೂ ಬರತೊಡಗಿರುವುದು ಸ್ವಾಗತಾರ್ಹ. ಆದರೆ ನಾನು ನೋಡಿದವುಗಳಲ್ಲಿ, ದಪ್ಪ ಅಕ್ಷರದಲ್ಲಿ ಕಾಣುವ ‘ತಿಂಗಳ ಸರಾಸರಿ ದರ’ ಯಾವ ಸೂತ್ರದಿಂದ ಬಂತೆಂಬ ವಿವರಣೆ ಇಲ್ಲ. ಚಾಲಿಯನ್ನು (ಒಣಗಿಸಿ ಸುಲಿದ ಬಿಳಿ ಅಡಿಕೆ) ಈಗಲೇ ಕೊಡುವುದೋ, ಇನ್ನೊಂದು ತಿಂಗಳು ಇಟ್ಟುಕೊಳ್ಳುವುದೋ ಎಂಬುದನ್ನು ಆ ಅಂಕಿ ನೋಡಿ ತೀರ್ಮಾನಿಸುವವರು ನಮ್ಮಲ್ಲಿ ಇದ್ದಾರಾದ್ದರಿಂದ ಈ ವಿಷಯ ಬರೆಯಬೇಕಾಯಿತು.

ಎಕ್ಸೆಲ್‌ನಂಥ ಲೆಕ್ಕಪಟ್ಟಿ ತಂತ್ರಾಂಶದಲ್ಲಿ ದಿನದಿನದ ದರಗಳ ಮೇಲೆ ಸರಾಸರಿ ತೆಗೆಯುವ ‘ಎವರೇಜ್’ ಫಂಕ್ಷನ್ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಒಂದು ದಿನ 100 ಕ್ವಿಂಟಲ್ ಚಾಲಿ ಕ್ವಿಂಟಲಿಗೆ 40,000 ರೂಪಾಯಿಯಂತೆಯೂ, ಮರುದಿನ ಬರೀ 10 ಕ್ವಿಂಟಲ್ 46,000 ರೂಪಾಯಿಯಂತೆಯೂ ಮಾರಾಟವಾಯಿತೆಂದು ಇಟ್ಟುಕೊಳ್ಳೋಣ. ಎವರೇಜ್ ಕೊಡುವ ಉತ್ತರ 43,000. ಪ್ರತಿದಿನದ ಆವಕವನ್ನು (ಮಾರುಕಟ್ಟೆಗೆ ಬಂದ ಮಾಲಿನ ಪ್ರಮಾಣ) ಆ ದಿನದ ದರದಿಂದ ಗುಣಿಸಿ ಕೂಡಿಸುವ ‘ಸಮ್‌ಪ್ರಾಡಕ್ಟ್’ ಫಂಕ್ಷನ್ ಬಳಸಿ, ಬಂದ ಮೊತ್ತವನ್ನು ಒಟ್ಟು ಆವಕದಿಂದ ಭಾಗಿಸಿದರೆ ಸಿಗುವುದು ಸುಮಾರು 40,545. ಬೆಳೆಗಾರರಿಗೆ ಕ್ವಿಂಟಲಿಗೆ ನಿಜವಾಗಿ ಸಿಕ್ಕಿದ್ದು ಈ ಎರಡನೆಯ ಮೊತ್ತ. ಹತ್ತೇ ಕ್ವಿಂಟಲ್ ಬಂದ ದಿನಕ್ಕೂ ನೂರು ಕ್ವಿಂಟಲ್ ಬಂದ ದಿನಕ್ಕೂ ಒಂದೇ ತೂಕ ಕೊಟ್ಟದ್ದರಿಂದ ಸುಮಾರು 2,450 ರೂಪಾಯಿಯ ಅಂತರ ಹುಟ್ಟಿತು.

ನಾನು ನೋಡಿದ ಒಂದು ಫಲಕದಲ್ಲಿ ದರದ ಗೆರೆ ಪ್ರತಿ ಭಾನುವಾರ ನೆಲಕಚ್ಚಿ, ಸೋಮವಾರ ಮತ್ತೆ ಮೇಲೇಳುತ್ತಿತ್ತು. ವ್ಯಾಪಾರವಿಲ್ಲದ ದಿನದ ಕೋಶವನ್ನು ಖಾಲಿ ಬಿಡುವ ಬದಲು ಸೊನ್ನೆ ತುಂಬಿದ್ದರು. ಎವರೇಜ್ ಫಂಕ್ಷನ್ ಖಾಲಿ ಕೋಶವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೊನ್ನೆಯನ್ನು ಹಿಡಿಯುತ್ತದೆ. ಮೇಲಿನ ಎರಡು ದರಗಳ ಜೊತೆ ಒಂದು ಸೊನ್ನೆ ಸೇರಿದರೆ ಸರಾಸರಿ 28,667ಕ್ಕೆ ಇಳಿಯುತ್ತದೆ!

ಇನ್ನು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ಬೇರೆ ಬೇರೆ ಬಗೆಗಳನ್ನೆಲ್ಲ ಕಲಸಿ ‘ಅಡಿಕೆ ದರ’ ಎಂದು ಒಂದೇ ಅಂಕಿ ತೋರಿಸುವುದರಲ್ಲಿ ಅರ್ಥವಿಲ್ಲ. ಜಾತಿವಾರು ಲೆಕ್ಕಕ್ಕೆ, ಹೇಳಿದ ಹೆಸರಿನ ಸಾಲುಗಳನ್ನಷ್ಟೇ ಆರಿಸಿ ಸರಾಸರಿ ಅಥವಾ ಮೊತ್ತ ಕೊಡುವ ‘ಎವರೇಜ್‌ಇಫ್ಸ್’, ‘ಸಮ್‌ಇಫ್ಸ್’ ಫಂಕ್ಷನ್‌ಗಳಿವೆ. ಅವುಗಳಿಗೂ ಎಚ್ಚರ ಬೇಕು. ಒಬ್ಬರು ‘ಕೆಂಪುಗೋಟು’ ಎಂದೂ ಇನ್ನೊಬ್ಬರು ನಡುವೆ ಜಾಗ ಬಿಟ್ಟು ‘ಕೆಂಪು ಗೋಟು’ ಎಂದೂ ದಾಖಲಿಸಿದರೆ ಗಣಕಕ್ಕೆ ಅವು ಬೇರೆ ಬೇರೆ ಮಾಲು. ಅರ್ಧ ಆವಕ ಯಾವ ದೋಷಸೂಚನೆಯೂ ಇಲ್ಲದೆ ಲೆಕ್ಕದಿಂದ ಬಿಟ್ಟುಹೋಗಬಹುದು. ಹೆಸರನ್ನು ಬೆರಳಚ್ಚು ಮಾಡಿಸುವ ಬದಲು ಸಿದ್ಧ ಪಟ್ಟಿಯಿಂದ ಆರಿಸುವಂತೆ ಮಾಡಿದರೆ ಈ ತೊಂದರೆ ಇರುವುದಿಲ್ಲ. ಕನಿಷ್ಠ ಮತ್ತು ಗರಿಷ್ಠ ದರಗಳನ್ನು ಕೂಡಿಸಿ ಎರಡರಿಂದ ಭಾಗಿಸುವ ಪದ್ಧತಿಯಂತೂ ನಿಲ್ಲಲೇಬೇಕು. ಒಂದೇ ಒಂದು ಒಳ್ಳೆಯ ಲಾಟಿಗೆ (ಒಟ್ಟಿಗೆ ಮಾರಾಟಕ್ಕಿಟ್ಟ ಮಾಲಿಗೆ) ಬಿದ್ದ ಹೆಚ್ಚಿನ ಟೆಂಡರ್ ಇಡೀ ದಿನದ ದರವಾಗದು.

ಇದಕ್ಕೆ ಹೊಸ ತಂತ್ರಾಂಶವೇನೂ ಬೇಕಿಲ್ಲ. ಸರಾಸರಿಯ ಕೆಳಗೆ ಬಳಸಿದ ಸೂತ್ರವನ್ನು ಒಂದು ಸಾಲಿನಲ್ಲಿ, ಪಕ್ಕದಲ್ಲಿ ಒಟ್ಟು ಆವಕವನ್ನು ಪ್ರಕಟಿಸಿ, ದಿನವಹಿ ಪಟ್ಟಿಯನ್ನು ಇಳಿಸಿಕೊಳ್ಳುವ ಅವಕಾಶ ಕೊಟ್ಟರೆ ಸಾಕು. ಲೆಕ್ಕ ಬಲ್ಲ ಬೆಳೆಗಾರರು ತಾವೇ ತಾಳೆ ನೋಡಿಕೊಳ್ಳುತ್ತಾರೆ. ಹೊಸ ಚಾಲಿ ಮಾರುಕಟ್ಟೆಗೆ ಬರುವ ಮೊದಲೇ ಸಂಬಂಧಪಟ್ಟವರು ಇಷ್ಟನ್ನು ಮಾಡಬೇಕೆಂದು ಕೋರುತ್ತೇನೆ.

– ಓರ್ವ ಅಡಿಕೆ ಬೆಳೆಗಾರ, ಶಿರಸಿ