ಹಿತ್ತಲನ್ನು ಚಿತ್ರದೊಳಗೆ ತರುವವಳಿಗೆ

ಸಾಗರ
ಕಾರ್ತಿಕ ಮಾಸ

ಚಿ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಕಳಿಸಿದ ನಾಲ್ಕು ಚಿತ್ರಗಳ ಫೋಟೋ ನೋಡಿದೆ. ಬಣ್ಣ, ಕಾಗದದ ಚೂರು, ಬಟ್ಟೆ, ಎಲೆ ಎಲ್ಲ ಒಂದೇ ಹಲಗೆಯ ಮೇಲೆ, ಮೊದಲೇ ಗೆರೆ ಹಾಕಿಕೊಳ್ಳದೆ ಕೈ ಹೋದ ಹಾಗೆ ಹೋಗುವುದು ಅಂತ ಬರೆದಿದ್ದೀಯ. ಹಾಗೇ ಮಾಡು. ಆದರೆ ಎರಡನೇ ಫೋಟೋದಲ್ಲಿ ದಾಸವಾಳ ಕಪ್ಪಾಗಿದೆ, ಮೂರನೆಯದರಲ್ಲಿ ಜರಿಗಿಡದ ಸುತ್ತ ಬೂಷ್ಟು ಉಂಗುರ ಕಟ್ಟಿದೆ. ಕೈ ಎಡವಿದ್ದರಿಂದ ಆದದ್ದಲ್ಲ ಅದು, ಸಾಮಾನು ಸರಿಯಾಗಿ ತಯಾರಾಗಿರಲಿಲ್ಲ. ಮೇಜಿನ ಮುಂದೆ ಕೂತಾಗ ಮನಸ್ಸು ಬಂದ ಹಾಗೆ ಹಚ್ಚು, ಹರಿ, ಅಂಟಿಸು. ಎಲೆ ಒಣಗಿಸುವುದು, ಶಾಯಿ ಕಾಸುವುದು ಮಾತ್ರ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದಷ್ಟೇ ಕಟ್ಟುನಿಟ್ಟು. ಒಂದು ಹನಿ ನೀರಿನ ಪಸೆ ಉಳಿದರೂ ಭರಣಿಯೇ ಹೋಯಿತು.

ಮೊದಲು ಒಣಗಿಸುವ ವಿಚಾರ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕದ ನಡುವೆ ಎಲೆ ಇಡುವ ಕೆಲಸಕ್ಕೇ ಹೋಗಬೇಡ. ಆ ಗಾಳಿಯಲ್ಲಿ ಕಾಗದವೇ ಹಸಿ ಇರುತ್ತದೆ, ಅದು ಎಲೆಯ ನೀರನ್ನೇನು ಹೀರೀತು? ನವೆಂಬರ್‌ನಿಂದ ಫೆಬ್ರವರಿ ನಿನ್ನ ಸುಗ್ಗಿ. ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ ಹತ್ತು ಹನ್ನೊಂದು ಗಂಟೆಗೆ ಕೊಯ್ಯಿ. ಪೂರ್ತಿ ಅರಳಿದ ಹೂ ಬೇಡ, ಅವತ್ತಷ್ಟೇ ಬಿರಿದದ್ದು ಸಾಕು. ನುಣುಪಿನ ಕಾಗದ ನೀರು ಹೀರುವುದಿಲ್ಲ, ಹೀರುಕಾಗದವೋ ಅಚ್ಚಾಗದ ಖಾಲಿ ನ್ಯೂಸ್‌ಪ್ರಿಂಟೋ ತೆಗೆದುಕೋ. ಮೇಲೆ ನಾಲ್ಕೈದು ಕಿಲೋ ಭಾರ ಇರಲಿ, ಎರಡು ಇಟ್ಟಿಗೆಯಾದರೂ ನಡೆಯುತ್ತದೆ. ಮೊದಲ ಮೂರು ದಿನ ದಿನಾ ಕಾಗದ ಬದಲಾಯಿಸು, ಆಮೇಲೆ ದಿನ ಬಿಟ್ಟು ದಿನ. ಎಲ್ಲರೂ ತಪ್ಪುವುದು ಇಲ್ಲೇ. ಇಟ್ಟು ಮರೆತು, ಹದಿನೈದು ದಿನ ಬಿಟ್ಟು ತೆಗೆದು, ಕಪ್ಪಾಯಿತು ಅಂತಾರೆ. ಎಲೆಯಿಂದ ಬಂದ ನೀರು ಕಾಗದದಲ್ಲೇ ನಿಂತು ಎಲೆಯನ್ನು ಬೇಯಿಸಿದ ಹಾಗೆ ಮಾಡುತ್ತದೆ. ಜರಿಗಿಡ ಒಂದು ವಾರದಲ್ಲಿ ತಯಾರು, ದಪ್ಪ ಎಲೆಗೆ ಎರಡು ವಾರವಾದರೂ ಬೇಕು.

ಒಣಗಿತೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ, ಕೆನ್ನೆಗೆ ಮುಟ್ಟಿಸಿ ನೋಡು. ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ. ಬಳುಕದೆ ಕಾಗದದ ಹಾಗೆ ಸದ್ದು ಮಾಡಿದರೆ ಡಬ್ಬಿಗೆ ಹಾಕು.

ದಾಸವಾಳವನ್ನು ಇಡಿಯಾಗಿ ಒಣಗಿಸುವ ಆಸೆ ಬಿಡು, ಅದರ ಲೋಳೆ ಕಾಗದಕ್ಕೆ ಹಿಡಿದುಕೊಳ್ಳುತ್ತದೆ. ನಡುವಿನ ಕೇಸರದ ಕಡ್ಡಿ ಕಿತ್ತು, ಎಸಳು ಬಿಡಿಸಿ, ಒಂದಕ್ಕೊಂದು ತಾಗದ ಹಾಗೆ ಬಟರ್ ಪೇಪರ್ ಮೇಲೆ ಹರಡಿ, ಅದರ ಮೇಲೆ ಹೀರುಕಾಗದ ಇಡು. ಮಳೆಗಾಲದಲ್ಲಿ ಬೇಕೇ ಬೇಕು ಅಂದರೆ ಇಸ್ತ್ರಿ ಪೆಟ್ಟಿಗೆ ಇದೆ: ಹಬೆ ಬಂದ್ ಮಾಡಿ, ಹದ ಬಿಸಿಯಲ್ಲಿ, ಎರಡು ಕಾಗದದ ನಡುವೆ ಒಂದು ಸಲಕ್ಕೆ 10–15 ಸೆಕೆಂಡು ಒತ್ತು. ಆರಲು ಬಿಟ್ಟು ಮತ್ತೆ ಒತ್ತು. ಒಂದೇ ಸಲ ಹೆಚ್ಚು ಹೊತ್ತು ಒತ್ತಿದರೆ ಎಲೆ ಕಂದಾಗುತ್ತದೆ.

ಶೇಖರಣೆಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಇಲ್ಲವೇ ಚೆನ್ನಾಗಿ ಹುರಿದು ಆರಿಸಿದ ಅಕ್ಕಿಯ ಗಂಟು. ಅಕ್ಕಿಯನ್ನು ತಿಂಗಳಿಗೊಮ್ಮೆ ಮತ್ತೆ ಹುರಿ. ಡಬ್ಬಿಯ ಮೇಲೆ ಗಿಡದ ಹೆಸರು, ಕೊಯ್ದ ತಾರೀಕು ಬರೆದಿರಲಿ.

ಈಗ ಬಣ್ಣಕ್ಕೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಈಗ ಕೊನೆಕೊಯ್ಲಿನ ಹೊತ್ತು, ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಚೊಗರು ಇರುತ್ತದೆ. ಅದಕ್ಕಿಂತ ಒಳ್ಳೆಯ ಶಾಯಿಯನ್ನು ನೀನು ದುಡ್ಡು ಕೊಟ್ಟು ತರಲಾರೆ. ಎರಡು ಪದರ ಬಟ್ಟೆಯಲ್ಲಿ ಸೋಸಿ, ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ, ಬಾಟಲಿಗೆ ಎರಡು ಲವಂಗ ಹಾಕಿಡು. ನೀರು ಬೆರೆಸಿದರೆ ಜೇನಿನ ಬಣ್ಣ, ಗಟ್ಟಿ ಹಚ್ಚಿದರೆ ಕಡು ಕೆಂಗಂದು. ಕಪ್ಪು ಬೇಕಾದರೆ ಗ್ರಂಧಿಗೆ ಅಂಗಡಿಯ ಅನ್ನಭೇದಿಯನ್ನು (ಅದು ಕಬ್ಬಿಣದ ಉಪ್ಪು) 100 ಮಿಲಿ ಚೊಗರಿಗೆ 1 ಗ್ರಾಮ್ ಹಾಕು. ಕಣ್ಣೆದುರೇ ಕಪ್ಪಾಗುತ್ತದೆ, ಚೊಗರಿನಲ್ಲಿರುವ ಟ್ಯಾನಿನ್ ಅನ್ನುವ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಅದು. ಇನ್ನೂ ಕಪ್ಪಾಗಲಿ ಅಂತ ಚಮಚಗಟ್ಟಲೆ ಸುರಿಯಬೇಡ. ಹೆಚ್ಚಾದ ಕಬ್ಬಿಣ ಕಾಗದವನ್ನು ವರ್ಷಗಳಲ್ಲಿ ತಿಂದು ತೂತು ಮಾಡುತ್ತದೆ, ಹಳೆಯ ಕೈಬರಹದ ಕಾಗದಗಳಲ್ಲಿ ಅಕ್ಷರ ಇದ್ದ ಜಾಗವೇ ಉದುರಿ ಹೋಗಿರುವುದು ಇದರಿಂದಲೇ.

ಕೆಂಪಿಗೆ ಹೂವಿನ ಹಿಂದೆ ಹೋಗುವ ಮೊದಲು ಕಾಲಡಿ ನೋಡು. ಒಂದು ಬಕೆಟ್ ನೀರಿಗೆ ಎರಡು ಬೊಗಸೆ ಕೆಮ್ಮಣ್ಣು ಹಾಕಿ ಕದಡು. ಒಂದು ನಿಮಿಷ ಬಿಟ್ಟರೆ ಮರಳು ತಳಕ್ಕೆ ಕೂರುತ್ತದೆ. ಮೇಲಿನ ರಾಡಿ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಬಿಡು. ಬೆಳಿಗ್ಗೆ ತಿಳಿ ಚೆಲ್ಲಿದರೆ ಅಡಿಯಲ್ಲಿ ಬೆಣ್ಣೆಯಂಥ ಮಣ್ಣು. ಅದನ್ನು ಒಣಗಿಸಿ ಅರೆದು, ಗೋಂದಿನ ನೀರಿಗೋ ಅಕ್ರಿಲಿಕ್ ಮೀಡಿಯಂಗೋ (ಬಣ್ಣ ಬೆರೆಸುವ, ಹಾಲಿನಂಥ ಅಂಟು) ಬೆರೆಸು. ಗೋಂದು 1 ಪಾಲಿಗೆ ಬಿಸಿನೀರು 2 ಪಾಲು, ಬಿರುಕು ಬಿಡದಿರಲು ನಾಲ್ಕು ಹನಿ ಜೇನುತುಪ್ಪ. ಕೈಗೆ ಪುಡಿ ಹತ್ತಿದರೆ ಗೋಂದು ಕಡಿಮೆ, ಒಣಗಿ ಹಕ್ಕಳೆ ಎದ್ದರೆ ಹೆಚ್ಚು. ಈ ಕೆಂಪು ಮಾಸುವುದಿಲ್ಲ, ಅದು ತುಕ್ಕಿನ ಜಾತಿ, ಬಿಸಿಲಿಗೆ ಅದರಿಂದ ಕಿತ್ತುಕೊಳ್ಳಲು ಏನೂ ಉಳಿದಿಲ್ಲ. ನಮ್ಮ ಸೀಮೆಯ ದೀವರ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣಿನ ಕೆಂಪು, ಹುರಿದು ಕರಿದಾದ ಅಕ್ಕಿಯ ಕಪ್ಪು, ಅರೆದ ಅಕ್ಕಿಯ ಬಿಳಿ, ಗುರಿಗೆ ಕಾಯಿಯ ಹಳದಿ ಬಳಸುತ್ತಾರೆ, ಕುಂಚ ಪುಂಡಿ ನಾರಿನದು. ಅದರಲ್ಲಿ ಕೆಂಪು ಕಪ್ಪು ಎರಡನ್ನೂ ಕಣ್ಣು ಮುಚ್ಚಿ ತೆಗೆದುಕೋ. ಅಕ್ಕಿಯ ಬಿಳಿ ಗೋಡೆಗೆ ಚೆಂದ. ನಿನ್ನ ಕಾಗದದ ಮೇಲೆ ಅದು ಜಿರಲೆಗೂ ಬೆಳ್ಳಿಹುಳಕ್ಕೂ ಊಟ.

ಹೂವಿನ ಬಣ್ಣಗಳು ಬೇರೆ ಜಾತಿ. ಶಂಖಪುಷ್ಪ 20 ಹೂ 100 ಮಿಲಿ ಬಿಸಿನೀರಿಗೆ ಹಾಕಿದರೆ ನೀಲಿ ಬರುತ್ತದೆ, ಲಿಂಬೆ ಹಿಂಡಿದರೆ ನೇರಳೆ, ಸೋಡಾ ಹಾಕಿದರೆ ಹಸಿರಿಗೆ ತಿರುಗುತ್ತದೆ. ದಾಸವಾಳದ ರಸವೂ ಇದೇ ಗುಣದ್ದು. ಬಾಟಲಿಯಲ್ಲಿ ಕೆಂಪಗಿದ್ದದ್ದು ಕಾಗದದ ಮೇಲೆ ಬೂದು ನೀಲಿ ಆಯಿತಲ್ಲ ಅಂತ ಕೇಳಿದ್ದೀಯ. ಒಳ್ಳೆಯ ಚಿತ್ರಕಾಗದಕ್ಕೆ ಬಾಳಿಕೆ ಬರಲಿ ಎಂದು ಸುಣ್ಣದ ಜಾತಿಯ ಪುಡಿ ಸೇರಿಸಿರುತ್ತಾರೆ, ಹೂವಿನ ರಸ ಅದನ್ನು ಮುಟ್ಟಿದ ಕೂಡಲೇ ಬಣ್ಣ ಬದಲಿಸುತ್ತದೆ. ಅದು ಬೇಡವೆಂದರೆ ಕಾಗದಕ್ಕೆ ಮೊದಲು ಲಿಂಬೆರಸದ ನೀರು ಬಳಿ. ಅದೇ ಬೇಕೆಂದರೆ ಅರ್ಧಕ್ಕೆ ಬಳಿ, ಅರ್ಧ ಬಿಡು, ಒಂದೇ ಹೂವು ಎರಡು ಬಣ್ಣ ಕೊಡುತ್ತದೆ.

ಅರಿಶಿನ ನೀರಿನಲ್ಲಿ ಕರಗುವುದಿಲ್ಲ, ಸುಮ್ಮನೆ ತೇಲುತ್ತದೆ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ನೆನೆಸಿದರೆ ಬಣ್ಣ ಬಿಡುತ್ತದೆ (ಒಲೆಯ ಹತ್ತಿರ ಬೇಡ). ಸುಣ್ಣ ತಾಗಿಸಿದರೆ ಆರತಿಯ ಓಕುಳಿಯ ಕೆಂಪು. ಆ ಕೆಂಪು ಉಳಿಯುವುದಿಲ್ಲ, ಸುಣ್ಣ ಗಾಳಿಗೆ ಸತ್ತ ಹಾಗೆ ಮತ್ತೆ ಹಳದಿಗೆ ಮರಳುತ್ತದೆ. ಆ ಹಳದಿಯೂ ಬಿಸಿಲಲ್ಲಿ ಬೇಗ ಓಡಿಹೋಗುತ್ತದೆ.

ಅದಕ್ಕಿಂತ ಹೆಚ್ಚು ದಿನ ನಿಲ್ಲುವ ಹಳದಿ ಬೇಕಿದ್ದರೆ ದೀಪಾವಳಿಗೆ ಬಾಗಿಲಿಗೆ ಕಟ್ಟಿದ ಚೆಂಡುಹೂವಿನ ಮಾಲೆ ಬಿಸಾಡಬೇಡ. ಒಣಗಿದ ಎಸಳು 50 ಗ್ರಾಮ್, ನೀರು 1 ಲೀಟರ್, ಸಣ್ಣ ಉರಿಯಲ್ಲಿ ಒಂದು ತಾಸು. ಪಾತ್ರೆ ಸ್ಟೀಲಿನದೇ ಆಗಿರಲಿ, ಕಬ್ಬಿಣದ ಬಾಣಲೆಯಲ್ಲಿ ಹಳದಿ ಹೋಗಿ ಪಾಚಿ ಬಣ್ಣ ಬರುತ್ತದೆ. ಸೋಸಿದ ಮೇಲೆ 20 ಗ್ರಾಮ್ ಪಟಿಕವನ್ನು ಒಂದು ಲೋಟ ಬಿಸಿನೀರಲ್ಲಿ ಕರಗಿಸಿ ಸೇರಿಸು. ಆಮೇಲೆ 10 ಗ್ರಾಮ್ ವಾಷಿಂಗ್ ಸೋಡಾವನ್ನು ಅರ್ಧ ಲೋಟ ನೀರಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಸುರಿ. ಹಾಲು ಉಕ್ಕಿದ ಹಾಗೆ ನೊರೆ ಏಳುತ್ತದೆ, ಆದ್ದರಿಂದ ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ನೊರೆ ಇಳಿದ ಮೇಲೆ ನೋಡು: ತಿಳಿಯಾಗಿದ್ದ ಕಷಾಯ ಮೊಸರು ಒಡೆದ ಹಾಗೆ ಕದಡಿ, ಹಳದಿ ಹರಳು ಹರಳಾಗಿ ಕೆಳಗಿಳಿಯಲು ಶುರುವಾಗಿರುತ್ತದೆ. ರಾತ್ರಿ ಬಿಟ್ಟು, ಮೇಲಿನ ನೀರು ಬಗ್ಗಿಸಿ, ಹೊಸ ನೀರು ಹಾಕಿ ಎರಡು ಮೂರು ಸಲ ತೊಳೆ. ತೊಳೆಯದಿದ್ದರೆ ಚಿತ್ರ ಒಣಗಿದ ಮೇಲೆ ಮೇಲ್ಮೈಯಲ್ಲಿ ಬಿಳಿ ಉಪ್ಪು ಹೂ ಬಿಡುತ್ತದೆ. ಬಟ್ಟೆಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಅರೆದಿಡು. ಈ ಕೆಲಸದ ಪಾತ್ರೆ, ಒರಳು ಅಡುಗೆಮನೆಗೆ ವಾಪಸು ಹೋಗಬಾರದು. ಅಮ್ಮನ ಹತ್ತಿರ ಬೈಸಿಕೊಳ್ಳಬೇಡ.

ಯಾವ ಬಣ್ಣವನ್ನಾದರೂ ಚಿತ್ರಕ್ಕೆ ಹಚ್ಚುವ ಮೊದಲು ಕಾಗದದ ಪಟ್ಟಿಗೆ ಬಳಿದು, ಅರ್ಧ ಭಾಗ ಕಪ್ಪು ಕಾಗದದಲ್ಲಿ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಹದಿನೈದು ದಿನ ಅಂಟಿಸು. ಬಿಚ್ಚಿದಾಗ ಎರಡು ಭಾಗಕ್ಕೆ ಎಷ್ಟು ವ್ಯತ್ಯಾಸವೋ ಅಷ್ಟು ಆ ಬಣ್ಣದ ಭರವಸೆ. ಬಸಳೆ ಹಣ್ಣಿನ ರಸ ಮೊದಲ ದಿನ ರೇಷ್ಮೆ ಸೀರೆಯ ಹಾಗೆ, ಹದಿನೈದನೇ ದಿನ ಚಹಾ ಕಲೆ. ಹಾಗಂತ ಬಸಳೆಯನ್ನು ಬಿಡಬೇಕಾಗಿಲ್ಲ. ಆ ರಸವನ್ನು ಕತ್ತಲಲ್ಲಿ ಕಾಗದಕ್ಕೆ ಎರಡು ಸಲ ಬಳಿದು ಒಣಗಿಸಿ, ಮೇಲೆ ಎಲೆ ಇಟ್ಟು, ಗಾಜು ಮುಚ್ಚಿ ಬಿಸಿಲಿಗಿಡು. ಬಿಸಿಲು ನೋಡಿಕೊಂಡು ಎರಡು ದಿನದಿಂದ ಎರಡು ವಾರ. ಸುತ್ತಲೂ ಮಾಸಿ, ಎಲೆಯ ನೆರಳು ಮಾತ್ರ ಬಣ್ಣವಾಗಿ ಉಳಿಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲೇ ಹೂರಸದಲ್ಲಿ ಹೀಗೆ ಚಿತ್ರ ಮೂಡಿಸುವ ವಿಧಾನ ಪ್ರಕಟಿಸಿದ್ದ, ಆಂಥೋಟೈಪ್ ಅಂತ ಅದರ ಹೆಸರು. ಇದಕ್ಕೆ ಸ್ಥಿರಗೊಳಿಸುವ ಔಷಧಿ ಇಲ್ಲ, ಮುಂದೆ ಬೆಳಕಲ್ಲಿಟ್ಟರೆ ಉಳಿದದ್ದೂ ಹೋಗುತ್ತದೆ. ಸ್ಕ್ಯಾನ್ ಮಾಡಿಕೊಂಡು ಮೂಲವನ್ನು ಪೆಟ್ಟಿಗೆಯಲ್ಲಿಡು.

ತೋಟದ ಕಾಲುವೆ ಬದಿಯಲ್ಲಿ, ಎಲೆಯ ಅಡಿಗೆ ಬಿಳಿ ಪುಡಿ ಇರುವ ಜರಿಗಿಡ ಇದೆಯಲ್ಲ, ಮಕ್ಕಳು ಕೈಮೇಲೆ ಒತ್ತಿ ಅಚ್ಚು ಹಾಕಿಕೊಳ್ಳುವುದು. ಚೊಗರಿನ ಕಪ್ಪು ನೆಲದ ಮೇಲೆ ಅದನ್ನು ಒತ್ತಿದರೆ ನರನರವೂ ಬೆಳ್ಳಗೆ ಮೂಡುತ್ತದೆ. ಒಣ ಕಾಗದಕ್ಕೆ ಒತ್ತಿದರೆ ಬೆರಳು ತಾಗಿದರೂ ಒರೆಸಿ ಹೋಗುತ್ತದೆ, ಸ್ಪಿರಿಟ್ ಇರುವ ಸ್ಪ್ರೇ ಹೊಡೆದರೆ ಪುಡಿಯೇ ಕರಗಿ ಮಾಸುತ್ತದೆ. ಮೊದಲು ಮ್ಯಾಟ್ ಮೀಡಿಯಂ, ಅಂದರೆ ಹೊಳಪಿಲ್ಲದ ಅಕ್ರಿಲಿಕ್ ಅಂಟು, ತೆಳ್ಳಗೆ ಬಳಿ. ಬೆರಳಿಟ್ಟರೆ ಅಂಟುತ್ತದೆ, ಆದರೆ ಬೆರಳಿಗೆ ಬರುವುದಿಲ್ಲ ಅನ್ನುವ ಹದಕ್ಕೆ ಬಂದಾಗ ಎಲೆ ಕವುಚಿ, ಅಂಗೈಯಿಂದ ಒಂದೇ ಸಲ ನೇರ ಒತ್ತಿ, ಜಾರಿಸದೆ ಎತ್ತು. ಒಂದು ಎಲೆ ಒಂದೇ ಒಳ್ಳೆಯ ಅಚ್ಚು ಕೊಡುತ್ತದೆ, ಎರಡನೆಯದು ಮಂಕು. ನನಗಂತೂ ಆ ಮಂಕೇ ಹೆಚ್ಚು ಇಷ್ಟ.

ಅಂಟಿಸುವಾಗ ಹಲಗೆಗೂ ಎಲೆಯ ಬೆನ್ನಿಗೂ ಎರಡಕ್ಕೂ ಮೀಡಿಯಂ ಹಚ್ಚಿ, ಮೆತ್ತನೆ ಕುಂಚದಲ್ಲಿ ನಡುನರದಿಂದ ಅಂಚಿನ ಕಡೆಗೆ ತೀಡು. ಅಂಚಿನಿಂದ ಒಳಗೆ ತೀಡಿದರೆ ಗಾಳಿ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ದಪ್ಪ ನರವನ್ನು ಹಿಂದಿನಿಂದ ಬ್ಲೇಡಿನಲ್ಲಿ ಹೆರೆದು ತೆಗೆ. ಫೆವಿಕಾಲ್ ಸಾಲದೇ ಅಂದರೆ, ಒಳಪದರಕ್ಕೆ ಸಾಕು. ಮೇಲೆ ಬಳಿದರೆ ನಮ್ಮ ಮಳೆಗಾಲದ ತೇವಕ್ಕೆ ಮತ್ತೆ ಮೆತ್ತಗಾಗಿ, ಒಂದರ ಮೇಲೊಂದು ಇಟ್ಟ ಚಿತ್ರಗಳು ಹಿಡಿದುಕೊಳ್ಳುತ್ತವೆ. ಏನೇ ಬಳಿದಿದ್ದರೂ ನಡುವೆ ಬಟರ್ ಪೇಪರ್ ಇರಲಿ. ಗಾಜು ಹಾಕಿಸುವಾಗ ಎಲೆಗೂ ಗಾಜಿಗೂ ನಡುವೆ ಸಂದು ಬಿಡಲು ಹೇಳು, ಹೊರಗೋಡೆಗೆ ತೂಗು ಹಾಕಬೇಡ.

ಹಲಗೆಯ ಬದಲು ಅಡಿಕೆ ಹಾಳೆಯ ಮೇಲೂ ಮಾಡಿ ನೋಡು. ಮೆತ್ತಗಾಗುವವರೆಗೆ ನೆನೆಸಿ, ಎರಡು ಹಲಗೆಯ ನಡುವೆ ಭಾರ ಇಟ್ಟು ಪೂರ್ತಿ ಒಣಗಿಸಿ, ಒಳಮೈಗೆ ಗೆಸ್ಸೊ (ಬಣ್ಣ ಹಿಡಿಯಲು ಮೊದಲು ಹಚ್ಚುವ ಬಿಳಿ ಲೇಪ) ಬಳಿ. ಹಿಂಬದಿಗೂ ಬಳಿಯಲು ಮರೆತರೆ ಸುರುಟಿಕೊಳ್ಳುತ್ತದೆ.

ಕೈಗೆ ಸಿಕ್ಕಿದ್ದನ್ನೆಲ್ಲ ಅರೆಯಬೇಡ. ಕಣಗಿಲೆ, ಉಮ್ಮತ್ತಿ ವಿಷ. ಕರಿಗೇರಿನ ಸೊನೆ ಅಳಿಸದ ಕಪ್ಪು ಕೊಡುತ್ತದೆ, ಮಡಿವಾಳರು ಬಟ್ಟೆಗೆ ಗುರುತು ಹಾಕಲು ಅದನ್ನೇ ಬಳಸುತ್ತಿದ್ದರು, ಅಂತ ಯಾರಾದರೂ ಹೇಳಿಯಾರು. ನಿಜವೇ, ಆದರೆ ಮೈಯೆಲ್ಲ ಬೊಬ್ಬೆ ಏಳುತ್ತದೆ. ಕಾಡಿನಿಂದ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್ ಹೂ) ಕೀಳುವ ಯೋಚನೆಯೂ ಬೇಡ. ನೀನೇ ನೆಟ್ಟು ಬೆಳೆಸಿದ್ದರಲ್ಲಿ ಬೇಕಾದಷ್ಟಿದೆ.

ಇನ್ನು ಕೂತು ಮಾಡುವುದು. ನಿನ್ನ ಚಿತ್ರಗಳಲ್ಲಿ ಎಲೆ ಎಲೆಯಾಗಿಯೇ ಕೂತಿದೆ, ಶಾಲೆಯ ಸಸ್ಯಶಾಸ್ತ್ರದ ಪುಸ್ತಕದ ಹಾಗೆ. ಹರಿದು ಹಾಕು, ಅರ್ಧ ಮುಚ್ಚು, ಅಚ್ಚು ಒತ್ತಿ ಎಲೆಯನ್ನೇ ಎತ್ತಿಬಿಡು. ಒಂದು ಸಲಕ್ಕೆ ಐದೇ ಸಾಮಾನು ಮೇಜಿಗೆ ತಾ, ಉಳಿದ ಡಬ್ಬಿಗಳನ್ನು ಬೇರೆ ಕೋಣೆಯಲ್ಲಿಡು. ಎಲ್ಲ ಎದುರಿಗಿದ್ದರೆ ಕೈ ಆರಿಸುತ್ತಾ ಕೂರುತ್ತದೆ, ಹಚ್ಚುವುದಿಲ್ಲ. ಮೊದಲು ಮಣ್ಣು ಚೊಗರಿನ ತೆಳು ಲೇಪ, ಅದು ಪೂರ್ತಿ ಒಣಗಿದ ಮೇಲೆ ಅಚ್ಚು, ಕೊನೆಗೆ ಅಂಟಿಸುವುದು. ಈ ಅನುಕ್ರಮ ತಪ್ಪಿದರೆ ಎಲ್ಲವೂ ಸೇರಿ ಒಂದೇ ಕೆಸರು ಬಣ್ಣ ಆಗುತ್ತದೆ. ಕಂದು ಜಾಸ್ತಿಯಾಯಿತು ಅನ್ನಿಸಿದಾಗ ಇನ್ನೊಂದು ಹೂ ತರಲು ಓಡಬೇಡ, ಒಂದು ಕಡೆ ಬಿಳಿ ಗೆಸ್ಸೊ ಬಳಿದು ಜಾಗ ಬಿಡಿಸಿಕೋ.

ಬಸ್ಸಿನಲ್ಲಿ ಒಂದು ಬಾಟಲಿ ಚೊಗರು, 100 ಗ್ರಾಮ್ ಪಟಿಕ, ಒಂದು ಪೊಟ್ಟಣ ಅನ್ನಭೇದಿ ಕಳಿಸಿದ್ದೇನೆ. ಅನ್ನಭೇದಿಯ ಪೊಟ್ಟಣದ ಮೇಲೆ ಕೆಂಪು ದಾರ ಕಟ್ಟಿದೆ, ಅಡುಗೆ ಸಾಮಾನಿನ ಹತ್ತಿರ ಇಡಬೇಡ. ಬಾಟಲಿ ನೆಟ್ಟಗೇ ಇರಲಿ, ಮುಚ್ಚಳ ಅಷ್ಟು ಬಿಗಿ ಇಲ್ಲ. ಅಪ್ಪ ಅಮ್ಮನಿಗೆ ಕೇಳಿದೆ ಎಂದು ಹೇಳು.

ಇಂತಿ,
ನಿನ್ನ ದೊಡ್ಡಮ್ಮ