ಬಾಡಿಗೆ ಕಿಟ್‌ನ ಲೆನ್ಸ್ ಬದಲಾಗುತ್ತಿದೆ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ಫಿಲ್ಮ್ ಕ್ಯಾಮೆರಾ ಕಿಟ್‌ನಲ್ಲಿ ಹಳೆಯ ಜಿಎನ್ ನಿಕ್ಕೋರ್ 45 ಎಂಎಂ ಬದಲು ವಾಯ್ಟ್‌ಲ್ಯಾಂಡರ್ ಅಲ್ಟ್ರಾನ್ 40 ಎಂಎಂ ಎಸ್‌ಎಲ್2 ಇರುತ್ತದೆ. ಬಾಡಿಗೆ ಮೊದಲಿನಷ್ಟೇ. ಠೇವಣಿ ಮಾತ್ರ ಸ್ವಲ್ಪ ಜಾಸ್ತಿ.

ಜಿಎನ್ ಮೇಲೆ ನಿಮಗೆಷ್ಟು ಪ್ರೀತಿ ಅಂತ ಗೊತ್ತು. ನಮಗೂ ಅಷ್ಟೇ ಇದೆ. 1969ರಲ್ಲಿ ಬಂದ ಲೆನ್ಸ್, ಒಳಗೆ ನಾಲ್ಕೇ ಗಾಜು, ದಪ್ಪ ಸುಮಾರು ಎರಡು ಸೆಂಟಿಮೀಟರ್. ಹೊಸದು ಅದಕ್ಕಿಂತ ತುಸು ದಪ್ಪ, ತುಸು ಭಾರ. ಆದರೂ ಬದಲಾಯಿಸುತ್ತಿದ್ದೇವೆ.

ದೊಡ್ಡ ತೊಂದರೆ ಮೌಂಟ್‌ನದು, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜಾಗದ್ದು. ಲೆನ್ಸಿನ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಎಷ್ಟಿದೆ ಅಂತ ಕ್ಯಾಮೆರಾಗೆ ತಿಳಿಸುವ ನಿಕಾನ್‌ನ ಎಐ ಪದ್ಧತಿ ಬಂದದ್ದು 1977ರಲ್ಲಿ. ಅದಕ್ಕೂ ಮುಂಚಿನ ಅಪರ್ಚರ್ ರಿಂಗ್ ಇರುವ ನಮ್ಮ ಜಿಎನ್, ನಿಕಾನ್‌ನ ಎಫ್‌ಎಂ2 ಅಥವಾ ಎಫ್‌ಎಂ10 ಕ್ಯಾಮೆರಾಗೆ ಕೂರುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಕ್ಯಾಮೆರಾ ಬಾಡಿಯ ಅಂಚಿನಲ್ಲಿರುವ ಪುಟ್ಟ ನಾಲಿಗೆಗೆ ಪೆಟ್ಟಾಗುತ್ತದೆ. ಮೊದಲ ಎಫ್‌ಎಂನಲ್ಲಿ ಆ ನಾಲಿಗೆಯನ್ನು ಮಡಚಬಹುದು, ಇವೆರಡರಲ್ಲಿ ಆಗಲ್ಲ. ಅಪ್ಪನ ಎಫ್‌ಎಂ10 ಹಿಡಿದುಕೊಂಡು ಲೆನ್ಸ್ ಕೇಳಲು ಬಂದ ವಿದ್ಯಾರ್ಥಿಗಳನ್ನು ವಾಪಸ್ ಕಳಿಸುವುದು ನಮಗೂ ಬೇಜಾರು. ಅಲ್ಟ್ರಾನ್‌ಗೆ ಈ ಸಮಸ್ಯೆ ಇಲ್ಲ. ಎಫ್‌ಎಂ10 ಮಾಡಿದ್ದೂ ಈ ಲೆನ್ಸ್ ಮಾಡಿದ್ದೂ ಜಪಾನಿನ ಕೊಸಿನಾ ಕಂಪನಿಯೇ.

ಇನ್ನೊಂದು, ಹತ್ತಿರದ ಫೋಟೋ. ಜಿಎನ್‌ಗೆ ಕನಿಷ್ಠ 80 ಸೆಂಟಿಮೀಟರ್ ದೂರ ಬೇಕು. ಎದುರಿಗಿರುವ ಕಾಫಿ ಲೋಟ ತೆಗೆಯಬೇಕೆಂದರೆ ಕುರ್ಚಿ ಹಿಂದೆ ಸರಿಸಬೇಕು. ಅಲ್ಟ್ರಾನ್ 38 ಸೆಂಟಿಮೀಟರ್‌ಗೇ ಫೋಕಸ್ ಆಗುತ್ತದೆ, ಕೂತಲ್ಲೇ ತೆಗೆಯಬಹುದು. ಸಂಜೆ ಬೆಳಕಲ್ಲೂ ಅನುಕೂಲ: ಜಿಎನ್‌ನ ಕಿಂಡಿ ಎಫ್2.8ರವರೆಗೆ ತೆರೆಯುತ್ತದೆ, ಅಲ್ಟ್ರಾನ್‌ನದು ಇನ್ನೂ ಅಗಲವಾಗಿ ಎಫ್2ರವರೆಗೆ. ಎಫ್2.8ರಲ್ಲಿ 1/30 ಸೆಕೆಂಡ್ ಬೇಕಾದ ಕಡೆ ಎಫ್2ರಲ್ಲಿ 1/60 ಸಾಕು. 200 ಐಎಸ್ಒ ಕಲರ್ ಫಿಲ್ಮ್ ಹಾಕಿದವರಿಗೆ ಇದು ದೊಡ್ಡ ವಿಷಯ. ಕೈ ಅಲುಗಿ ಹಾಳಾಗುವ ಒಂದೊಂದು ಫ್ರೇಮಿಗೂ ಈಗ ಎಷ್ಟು ದುಡ್ಡು ಅಂತ ನಿಮಗೇ ಗೊತ್ತಲ್ವಾ.

ಮಳೆಗಾಲದ ಚಿಂತೆಯೂ ಇದೆ. ನಮ್ಮ ಜಿಎನ್‌ನ ಒಳಗಾಜಿನ ಅಂಚಲ್ಲಿ ಜೇಡರ ಬಲೆಯಂಥ ಫಂಗಸ್ ಕಾಣಿಸಿಕೊಂಡಿದೆ. ಕ್ಲೀನ್ ಮಾಡಿಸಿದ್ದೇವೆ. ಇನ್ನು ಅದು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ಇರಬೇಕು, ದಿನಾ ಚೀಲದಲ್ಲಿ ಓಡಾಡುವುದು ಬೇಡ.

ಹಾಗಂತ ಹಳೆಯದನ್ನು ಮಾರುತ್ತಿಲ್ಲ. ಕಪ್ಪು ಬಿಳುಪಿನಲ್ಲಿ ಮುಖಗಳನ್ನು ತೆಗೆಯುವವರಿಗೆ ನಾವು ಈಗಲೂ ಜಿಎನ್ಅನ್ನೇ ಹೇಳುವುದು. ಎಫ್2.8ರಲ್ಲಿ ನಡುಭಾಗ ಚೂಪಾಗಿ, ಮೂಲೆಗಳು ಮೆತ್ತಗೆ ಬರುತ್ತವೆ. ಅಲ್ಟ್ರಾನ್‌ನಲ್ಲಿ ಆ ಮೆದುತನ ಸಿಗಲ್ಲ. ಬಿಸಿಲು ಎದುರಿಗಿದ್ದಾಗ ಮಾತ್ರ ಜಿಎನ್ ಚಿತ್ರ ಬಿಳಚಿಕೊಳ್ಳುತ್ತದೆ, ಹೊಸದರ ಕೋಟಿಂಗ್ ಅಲ್ಲಿ ಗೆಲ್ಲುತ್ತದೆ. ಮ್ಯಾನುವಲ್ ಫ್ಲ್ಯಾಶ್ ಬಳಸುವವರಿಗಂತೂ ಜಿಎನ್‌ಗೆ ಸಾಟಿಯಿಲ್ಲ. ಫ್ಲ್ಯಾಶ್‌ನ ಗೈಡ್ ನಂಬರ್ (ಅದರ ಶಕ್ತಿ ಹೇಳುವ ಸಂಖ್ಯೆ) ಸೆಟ್ ಮಾಡಿಟ್ಟರೆ, ಫೋಕಸ್ ತಿರುಗಿಸಿದಂತೆ ಅಪರ್ಚರ್ ತಾನೇ ಹೊಂದಿಕೊಳ್ಳುತ್ತದೆ.

ಜಿಎನ್ ಬೇಕಿದ್ದವರು ಎರಡು ದಿನ ಮುಂಚೆ ಫೋನ್ ಮಾಡಿ, ನಿಮ್ಮ ಕ್ಯಾಮೆರಾ ಯಾವುದು ಅಂತ ತಿಳಿಸಿ. ಹೊಂದುವ ಬಾಡಿ ನಿಮ್ಮಲ್ಲಿಲ್ಲದಿದ್ದರೆ ನಮ್ಮ ಎಫ್‌ಎಂ ಜೊತೆಗೇ ಕೊಡುತ್ತೇವೆ.

ಇಂತಿ ನಿಮ್ಮ,
ಕ್ಯಾಮೆರಾ ಬಾಡಿಗೆ ವಿಭಾಗ